ಜುಲೈಯಲ್ಲಿ ಉಳಿಸಿಕೊಂಡ ಮ್ಯಾನೇಜರ್‌ನನ್ನು ಅಕ್ಟೋಬರಿನಲ್ಲಿ ಮನೆಗೆ ಕಳುಹಿಸುವುದೇಕೆ?

ಕಾಳಿದಂಡೆ (ಕಾರವಾರ) ಕೇಳುತ್ತಾರೆ:

ಕಾರವಾರದಲ್ಲಿ ಫುಟ್‌ಬಾಲ್ ನೋಡುವವರು ಕ್ರಿಕೆಟ್ ನೋಡುವವರಷ್ಟಿಲ್ಲ. ಆದರೂ ಮಾಜಾಳಿ ದಾಟಿದರೆ ಗೋವೆಯೇ ಆದ್ದರಿಂದ, ಶನಿವಾರ ರಾತ್ರಿ ಎಂಟೂವರೆಯ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯವನ್ನು ತಪ್ಪಿಸದ ಮನೆಗಳು ಇಲ್ಲಿ ಸಾಕಷ್ಟಿವೆ. ನಮ್ಮದೂ ಅಂಥದ್ದೊಂದು ಮನೆ. ಬಹುಕಾಲದಿಂದ ಬಗೆಹರಿಯದೆ ಉಳಿದಿರುವ ಪ್ರಶ್ನೆಯೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತು, ಆದರೆ ಅದೇ ಋತುವಿನ ಲೀಗಿನಲ್ಲಿ ಎಂಟನೆಯ ಸ್ಥಾನಕ್ಕೆ ಇಳಿದಿತ್ತು. ತಂಡದ ತರಬೇತಿ, ಆಯ್ಕೆ ನೋಡಿಕೊಳ್ಳುವ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ಇಟ್ಟುಕೊಳ್ಳಬೇಕೇ, ಬಿಡಬೇಕೇ ಎಂದು ಆಡಳಿತದವರು ವಾರಗಟ್ಟಲೆ ಪರಾಮರ್ಶೆ ನಡೆಸಿ, ಕೊನೆಗೆ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿ, ಜುಲೈಯಲ್ಲಿ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದರು. ಹಿಂದೆ ಡಚ್ ಕ್ಲಬ್ಬು ಅಯಾಕ್ಸ್‌ನಲ್ಲಿ ಅವರ ಕೈಕೆಳಗೆ ಆಡಿದ್ದ ಡಿ ಲಿಖ್ಟ್ ಮತ್ತು ಮಜ್ರಾವಿ ಅವರನ್ನೂ ಕೊಂಡು ತಂದುಕೊಟ್ಟರು. ಅಕ್ಟೋಬರ್ 28ರಂದು, ಲೀಗಿನ ಒಂಬತ್ತು ಪಂದ್ಯಗಳು ಮುಗಿಯುವಷ್ಟರಲ್ಲಿ, ಅದೇ ಆಡಳಿತದವರು ಅವರನ್ನು ವಜಾ ಮಾಡಿದರು.

ಒಬ್ಬ ಮನುಷ್ಯನ ಯೋಗ್ಯತೆ ನಾಲ್ಕು ತಿಂಗಳಲ್ಲಿ ಅಷ್ಟೊಂದು ಬದಲಾಗಲು ಸಾಧ್ಯವಿಲ್ಲ. ಹಾಗಾದರೆ ಜುಲೈಯ ನಿರ್ಧಾರ ಸರಿಯಿರಲಿಲ್ಲವೇ, ಅಕ್ಟೋಬರಿನದು ಸರಿಯಿರಲಿಲ್ಲವೇ? ಇದೇ ಕ್ಲಬ್ಬು 1986ರ ನವೆಂಬರಿನಲ್ಲಿ ನೇಮಿಸಿಕೊಂಡ ಅಲೆಕ್ಸ್ ಫರ್ಗುಸನ್ ಅವರಿಗೆ ಮೊದಲ ಕಪ್ ಗೆಲ್ಲಲು 1990ರವರೆಗೆ, ಮೊದಲ ಲೀಗ್ ಗೆಲ್ಲಲು 1993ರವರೆಗೆ ಕಾಲಾವಕಾಶ ಕೊಟ್ಟಿತ್ತು ಎಂಬುದನ್ನು ನೆನೆದರೆ ಗೊಂದಲ ಇನ್ನೂ ಹೆಚ್ಚುತ್ತದೆ. ದೊಡ್ಡ ಕ್ಲಬ್ಬುಗಳು ಮ್ಯಾನೇಜರ್‌ಗಳನ್ನು ಯಾವ ಆಧಾರದ ಮೇಲೆ ಆರಿಸುತ್ತವೆ, ಎಲ್ಲಿಯವರೆಗೆ ಬೆಂಬಲಿಸುತ್ತವೆ, ತೆಗೆದುಹಾಕಿದ್ದರಿಂದ ತಂಡಕ್ಕೆ ನಿಜವಾಗಿ ಲಾಭವಾಗುತ್ತದೆಯೇ ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ. ‘ಅಭಿಮಾನಿಗಳ ಒತ್ತಡ’ ಎಂಬ ಒಂದು ಸಾಲಿನ ಉತ್ತರ ಬೇಡವೆಂದು ವಿನಂತಿ.

ಸದಾಶಿವಗಡದ ಸ್ಟಾಪರ್ ಉತ್ತರ:

ಜುಲೈಯ ಒಪ್ಪಂದ ವಿಸ್ತರಣೆಯನ್ನು ನೀವು ವಿಶ್ವಾಸದ ಗುರುತೆಂದು ಓದಿದ್ದೀರಿ. ಗೊಂದಲದ ಮೂಲ ಅಲ್ಲಿಯೇ ಇದೆ. ಯುನೈಟೆಡ್‌ನ ಈಚಿನ ಇತಿಹಾಸವನ್ನೇ ನೋಡಿ. ಜೋಸೆ ಮೊರಿನ್ಯೊ 2018ರ ಜನವರಿಯಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು, ಅದೇ ವರ್ಷದ ಡಿಸೆಂಬರಿನಲ್ಲಿ ವಜಾ ಆದರು. ಓಲೆ ಗುನ್ನಾರ್ ಸೋಲ್‌ಶಾರ್ 2021ರ ಜುಲೈಯಲ್ಲಿ ಸಹಿ ಹಾಕಿದರು, ನವೆಂಬರಿನಲ್ಲಿ ವಜಾ ಆದರು. ಟೆನ್ ಹಾಗ್ ಅವರದ್ದು ಈ ಸಾಲಿನ ಮೂರನೆಯ ಪ್ರಕರಣ.

ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿರುವ ಮ್ಯಾನೇಜರ್‌ನ ಮಾತಿಗೆ ಡ್ರೆಸ್ಸಿಂಗ್ ರೂಮಿನಲ್ಲಿ ತೂಕ ಕಡಿಮೆಯಾಗುತ್ತದೆ ಎಂಬುದು ಕ್ಲಬ್ಬುಗಳ ನಂಬಿಕೆ. ‘ಇವರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ’ ಎಂದು ಆಟಗಾರರು ಲೆಕ್ಕ ಹಾಕುತ್ತಾರೆ, ಆಟಗಾರರ ಏಜೆಂಟರು ಅದಕ್ಕೂ ಮೊದಲೇ ಲೆಕ್ಕ ಹಾಕಿರುತ್ತಾರೆ. ಆದ್ದರಿಂದ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ವಿಸ್ತರಣೆಯೂ ಬಹುತೇಕ ಕಡ್ಡಾಯವಾಗಿಬಿಡುತ್ತದೆ. 2024ರ ಬೇಸಿಗೆಯಲ್ಲಿ ಯುನೈಟೆಡ್‌ನವರು ಬೇರೆ ಮ್ಯಾನೇಜರ್‌ಗಳೊಂದಿಗೆ ಮಾತುಕತೆ ನಡೆಸಿದ್ದು ಗುಟ್ಟಾಗಿ ಉಳಿದಿರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಷ್ಟೇ ಜಿಮ್ ರ‍್ಯಾಟ್‌ಕ್ಲಿಫ್ ಕ್ಲಬ್ಬಿನ ಕಾಲು ಭಾಗಕ್ಕೂ ಮಿಗಿಲಾದ ಪಾಲನ್ನು ಕೊಂಡು ಆಟದ ಆಡಳಿತವನ್ನು ವಹಿಸಿಕೊಂಡಿದ್ದರು, ಅವರು ಆರಿಸಿದ ಅಧಿಕಾರಿಗಳಲ್ಲಿ ಹಲವರು ಇನ್ನೂ ಬಂದು ಕುರ್ಚಿಯಲ್ಲಿ ಕೂತಿರಲಿಲ್ಲ. ಹುಡುಕಿದರು, ಸರಿಹೊಂದುವವರು ಸಿಗಲಿಲ್ಲ, ಇದ್ದವರನ್ನೇ ಉಳಿಸಿಕೊಂಡರು. ಹೆಂಡತಿಗೂ ಗೊತ್ತು, ಗಂಡನಿಗೂ ಗೊತ್ತು ಎಂಬಂಥ ಸ್ಥಿತಿಯಲ್ಲಿ ಋತು ಆರಂಭವಾಯಿತು. ಅಂಥ ಮ್ಯಾನೇಜರ್ ಸತತವಾಗಿ ಮೂರು ಪಂದ್ಯ ಸೋತರೆ ಕಾಯುವುದಕ್ಕೆ ಯಾರ ಬಳಿಯೂ ಕಾರಣವಿರುವುದಿಲ್ಲ.

ಹಣದ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ವಜಾದ ದಿನಾಂಕವನ್ನು ಎಷ್ಟೋ ಸಲ ಅದೇ ನಿರ್ಧರಿಸುತ್ತದೆ. ಅವಧಿಗೆ ಮೊದಲೇ ತೆಗೆದರೆ ಉಳಿದ ಅವಧಿಯ ಸಂಬಳವನ್ನೋ, ಒಪ್ಪಂದದಲ್ಲಿ ಮೊದಲೇ ಬರೆದುಕೊಂಡ ಮೊತ್ತವನ್ನೋ ತೆರಬೇಕು, ಜೊತೆಗೆ ಬಂದ ಸಹಾಯಕರ ಲೆಕ್ಕ ಪ್ರತ್ಯೇಕ. ಮೊರಿನ್ಯೊ ಮತ್ತು ಅವರ ಸಹಾಯಕರನ್ನು ಕಳುಹಿಸಲು ಯುನೈಟೆಡ್ 1.96 ಕೋಟಿ ಪೌಂಡ್ ತೆತ್ತಿತು. ಲಂಡನ್ನಿನ ಚೆಲ್ಸಿ ಕ್ಲಬ್ಬು ವಜಾ ಮಾಡಿದ ಆಂತೋನಿಯೊ ಕಾಂಟೆ ಪ್ರಕರಣದಲ್ಲಿ ಅದರ ಲೆಕ್ಕಪತ್ರದಲ್ಲಿ, ವಕೀಲರ ಖರ್ಚೂ ಸೇರಿ, 2.66 ಕೋಟಿ ಪೌಂಡ್ ಕಾಣಿಸಿಕೊಂಡಿತು. ಡೇವಿಡ್ ಮೋಯ್ಸ್ ಅವರಿಗೆ 2013ರಲ್ಲಿ ಆರು ವರ್ಷದ ಒಪ್ಪಂದ ಕೊಟ್ಟಿದ್ದ ಯುನೈಟೆಡ್, ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗಿಗೆ ತಂಡ ಅರ್ಹತೆ ಪಡೆಯದಿದ್ದರೆ ಪರಿಹಾರವನ್ನು ಒಂದು ವರ್ಷದ ಸಂಬಳಕ್ಕೆ ಮಿತಗೊಳಿಸುವ ಷರತ್ತನ್ನೂ ಸೇರಿಸಿತ್ತೆಂದು ಆಗ ವರದಿಯಾಗಿತ್ತು. 2014ರ ಏಪ್ರಿಲ್ 20ರಂದು ಎವರ್ಟನ್ ಎದುರು 2-0 ಸೋತು ಆ ಬಾಗಿಲು ಲೆಕ್ಕಾಚಾರದ ಮಟ್ಟಿಗೂ ಮುಚ್ಚಿತು, 22ರಂದು ಮೋಯ್ಸ್ ಹೊರಗಿದ್ದರು. ಅವರ ಭವಿಷ್ಯ ಏನೆಂಬುದು ತಿಂಗಳುಗಳ ಹಿಂದೆಯೇ ಎಲ್ಲರಿಗೂ ಕಾಣುತ್ತಿತ್ತು, ಕಾದದ್ದು ಷರತ್ತಿಗಾಗಿ.

ಫರ್ಗುಸನ್ ಉದಾಹರಣೆಯನ್ನು ‘ತಾಳ್ಮೆ’ ಎಂಬ ಒಂದು ಮಾತಿನಲ್ಲಿ ಮುಗಿಸುವವರ ಬಗ್ಗೆ ನನಗೆ ಆಕ್ಷೇಪವಿದೆ. ಅವರು ಯುನೈಟೆಡ್‌ಗೆ ಬರುವ ಮೊದಲೇ ಸ್ಕಾಟ್ಲೆಂಡಿನ ಅಬರ್ಡೀನ್ ತಂಡವನ್ನು ಕಟ್ಟಿ, 1983ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ಲಿನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನೇ ಸೋಲಿಸಿದ್ದರು. ಯುನೈಟೆಡ್‌ನಲ್ಲಿ 1987-88ರಲ್ಲಿ ಎರಡನೆಯ ಸ್ಥಾನ, ಅನಂತರ ಹನ್ನೊಂದು, ಹದಿಮೂರು. ಅಂಕಪಟ್ಟಿ ಇಳಿಯುತ್ತಿದ್ದಾಗಲೂ ಯುವ ಆಟಗಾರರನ್ನು ಹುಡುಕುವ ಜಾಲವನ್ನು ಅವರು ಹೊಸದಾಗಿ ಕಟ್ಟುತ್ತಿದ್ದುದು ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಅವರ ಕಣ್ಣೆದುರಿಗೇ ಇತ್ತು. ಏನನ್ನು ಕಾಯುತ್ತಿದ್ದೇವೆ ಎಂಬುದು ಕಾಯುವವರಿಗೆ ತಿಳಿದಿತ್ತು. ಟೆನ್ ಹಾಗ್ ವಿಷಯದಲ್ಲಿ ಅದು ಯಾರಿಗೂ ತಿಳಿದಿರಲಿಲ್ಲ.

ಶಿರಸಿ ಸೀಮೆಯವನು ಉತ್ತರ:

ಮೇಲಿನ ಬರಹ ಚೆನ್ನಾಗಿದೆ, ಆದರೆ ‘ವಜಾ ಮಾಡುವುದೆಂದರೆ ದುರಾಡಳಿತ’ ಎಂಬ ಧ್ವನಿ ಅದರಲ್ಲಿ ಕೇಳಿಸುತ್ತದೆ. ಕಪ್ಪುಗಳ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ.

2003ರಿಂದ 2022ರವರೆಗೆ ರೋಮನ್ ಅಬ್ರಮೊವಿಚ್ ಚೆಲ್ಸಿಯ ಒಡೆಯರಾಗಿದ್ದರು. ಆ ಅವಧಿಯಲ್ಲಿ ಯಾವ ಮ್ಯಾನೇಜರ್‌ಗೂ ನೆಮ್ಮದಿಯ ನಿದ್ದೆ ಇರಲಿಲ್ಲ. 2010ರಲ್ಲಿ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದುಕೊಟ್ಟ ಕಾರ್ಲೊ ಆಂಚೆಲೊಟ್ಟಿ ಅವರನ್ನು, ಮರುವರ್ಷ ಎರಡನೆಯ ಸ್ಥಾನಕ್ಕೆ ಇಳಿದರೆಂದು, ಋತುವಿನ ಕೊನೆಯ ಪಂದ್ಯ ಮುಗಿದೊಡನೆ ಎದುರಾಳಿ ಎವರ್ಟನ್‌ನ ಮೈದಾನದಲ್ಲಿಯೇ, ತಂಡ ಲಂಡನ್ನಿಗೆ ಹಿಂತಿರುಗುವವರೆಗೂ ಕಾಯದೆ, ತೆಗೆದುಹಾಕಿದರು. ಅವರ ಸ್ಥಾನಕ್ಕೆ ಪೋರ್ಟೊ ಕ್ಲಬ್ಬಿಗೆ 1.5 ಕೋಟಿ ಯೂರೋ ಕೊಟ್ಟು ಕರೆತಂದ ಆಂದ್ರೆ ವಿಲ್ಲಾಶ್ ಬೋವಾಶ್ ಮಾರ್ಚಿಗೆ ಹೋದರು. ಸಹಾಯಕನಾಗಿದ್ದ ರಾಬರ್ಟೊ ಡಿ ಮಟ್ಟೆಯೊ ಹಂಗಾಮಿಯಾಗಿ ಬಂದು 2012ರ ಮೇಯಲ್ಲಿ ಚಾಂಪಿಯನ್ಸ್ ಲೀಗನ್ನೇ ಗೆದ್ದರು, ನವೆಂಬರಿನಲ್ಲಿ ಅವರೂ ಹೋದರು. ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು 2021ರ ಜನವರಿಯಲ್ಲಿ ತೆಗೆದು ಥಾಮಸ್ ಟುಖೆಲ್ ಅವರನ್ನು ತಂದರು, ಮೇ ತಿಂಗಳಲ್ಲಿ ಮತ್ತೊಂದು ಚಾಂಪಿಯನ್ಸ್ ಲೀಗ್. ಆ ಹತ್ತೊಂಬತ್ತು ವರ್ಷಗಳಲ್ಲಿ ಐದು ಲೀಗ್, ಎರಡು ಚಾಂಪಿಯನ್ಸ್ ಲೀಗ್. ಇದನ್ನು ದುರಾಡಳಿತವೆಂದು ಕರೆಯುವುದಾದರೆ ನಮ್ಮ ಭಾರತೀಯ ಫುಟ್‌ಬಾಲಿಗೂ ಒಂದಿಷ್ಟು ಅಂಥ ದುರಾಡಳಿತ ಬರಲಿ.

ರಿಯಲ್ ಮ್ಯಾಡ್ರಿಡ್ ಇನ್ನೂ ಕಠಿಣ. ಮೂವತ್ತೆರಡು ವರ್ಷಗಳ ಬರವನ್ನು ನೀಗಿ 1998ರಲ್ಲಿ ಯುರೋಪಿನ ಕಿರೀಟ ತಂದುಕೊಟ್ಟ ಯುಪ್ ಹೈಂಕೆಸ್ ಅವರನ್ನು, ಲೀಗಿನಲ್ಲಿ ನಾಲ್ಕನೆಯವರಾದರೆಂದು, ಅದೇ ಬೇಸಿಗೆಯಲ್ಲಿ ಬಿಟ್ಟುಕೊಟ್ಟಿತು. 2016ರ ಜನವರಿಯಲ್ಲಿ ರಾಫಾ ಬೆನಿಟೆಜ್ ಅವರನ್ನು ತೆಗೆದು, ದೊಡ್ಡ ತಂಡ ನಡೆಸಿದ ಅನುಭವವೇ ಇಲ್ಲದ ಜಿನೆದಿನ್ ಜಿದಾನ್ ಅವರನ್ನು ತನ್ನದೇ ಎರಡನೆಯ ತಂಡದಿಂದ ಮೇಲಕ್ಕೆತ್ತಿತು. ಮೂರು ವರ್ಷ ಸತತವಾಗಿ ಚಾಂಪಿಯನ್ಸ್ ಲೀಗ್ ಬಂತು.

ಇದರ ಕಾರಣ ನನಗೆ ತೋರುವುದು ಹೀಗೆ. ಬಡಗುತಿಟ್ಟಿನ ಒಳ್ಳೆಯ ಮೇಳವೊಂದರಲ್ಲಿ ಭಾಗವತರು ಬದಲಾದರೂ ಪ್ರಸಂಗ ಕೆಡುವುದಿಲ್ಲ, ಏಕೆಂದರೆ ಮುಮ್ಮೇಳದ ಕಲಾವಿದರಿಗೆ ನಡೆ ಗೊತ್ತು, ಚೆಂಡೆ ಮದ್ದಳೆಯವರಿಗೆ ಪಟ್ಟುಗಳು ಗೊತ್ತು, ಹೊಸ ಭಾಗವತರು ಶ್ರುತಿ ಹಿಡಿದು ಲಯವನ್ನು ಸ್ವಲ್ಪ ಬಿಗಿಗೊಳಿಸಿದರೆ ಸಾಕಾಗುತ್ತದೆ. ಪೀಟರ್ ಚೆಕ್, ಜಾನ್ ಟೆರಿ, ಲ್ಯಾಂಪಾರ್ಡ್, ದಿದಿಯೆ ದ್ರೋಗ್ಬಾ ಇದ್ದ ಚೆಲ್ಸಿ ಅಂಥ ಮೇಳವಾಗಿತ್ತು. ಅಂಥ ತಂಡಕ್ಕೆ ಮ್ಯಾನೇಜರ್‌ನ ದೀರ್ಘಾವಧಿಯ ಯೋಜನೆಗಿಂತ ಈ ತಿಂಗಳಿಗೆ ಬೇಕಾದ ಚುರುಕು ಹೆಚ್ಚು ಮುಖ್ಯ. ತಂಡವನ್ನು ಹೊಸದಾಗಿ ಕಟ್ಟಬೇಕಾದ ಕಡೆ ಮಾತ್ರ ತಾಳ್ಮೆಯ ಪ್ರಶ್ನೆ ಏಳುತ್ತದೆ.

ಕಾಳಿದಂಡೆ (ಕಾರವಾರ):

ಇಬ್ಬರಿಗೂ ಧನ್ಯವಾದಗಳು. ಶಿರಸಿಯವರ ವಾದವನ್ನು ಒಪ್ಪಿದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಹೊಸಬರು ಬಂದೊಡನೆ ತಂಡ ಗೆಲ್ಲತೊಡಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ಚೇತರಿಕೆ ಹೊಸಬರ ಕೈಗುಣವೋ, ಹಳಬರೇ ಇದ್ದಿದ್ದರೂ ಆಗುತ್ತಿದ್ದುದೋ? ಡಿ ಮಟ್ಟೆಯೊ, ಟುಖೆಲ್ ಅವರಂಥ ಎರಡು ಮೂರು ಹೊಳೆಯುವ ಹೆಸರುಗಳನ್ನು ಬಿಟ್ಟು ಒಟ್ಟಾರೆಯಾಗಿ ನೋಡಿದರೆ ಏನು ಕಾಣುತ್ತದೆ?

ಕುಮಟೆಯ ಅರ್ಥಶಾಸ್ತ್ರ ಉತ್ತರ:

ನನ್ನ ವಿಷಯ ಅರ್ಥಶಾಸ್ತ್ರ, ಫುಟ್‌ಬಾಲ್ ರಾತ್ರಿಯ ಚಟ. ಅದೃಷ್ಟವಶಾತ್ ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರೂ ಕೇಳಿಕೊಂಡಿದ್ದಾರೆ. ನೆದರ್ಲೆಂಡ್ಸಿನ ಬಾಸ್ ಟರ್ ವೀಲ್ ಅವರು 1986ರಿಂದ 2004ರವರೆಗಿನ ಡಚ್ ಲೀಗಿನ ಫಲಿತಾಂಶಗಳನ್ನು ಪರಿಶೀಲಿಸಿದರು. ಅವರು ಮಾಡಿದ ಜಾಣತನದ ಕೆಲಸವೆಂದರೆ, ಸೋಲಿನ ಸರಣಿಯ ನಂತರ ಮ್ಯಾನೇಜರ್‌ನನ್ನು ತೆಗೆದ ಕ್ಲಬ್ಬುಗಳನ್ನು, ಅಷ್ಟೇ ಕೆಟ್ಟ ಸರಣಿಯನ್ನು ಕಂಡೂ ತೆಗೆಯದೆ ಉಳಿದ ಕ್ಲಬ್ಬುಗಳ ಪಕ್ಕದಲ್ಲಿಟ್ಟು ಹೋಲಿಸಿದ್ದು. ತೆಗೆದವರ ತಂಡ ಚೇತರಿಸಿಕೊಂಡಿತ್ತು ನಿಜ, ಆದರೆ ತೆಗೆಯದವರ ತಂಡವೂ ಹೆಚ್ಚುಕಡಿಮೆ ಹಾಗೆಯೇ ಚೇತರಿಸಿಕೊಂಡಿತ್ತು.

ಇದರಲ್ಲಿ ಮಾಯೆಯೇನಿಲ್ಲ. ಫುಟ್‌ಬಾಲ್ ಕಡಿಮೆ ಗೋಲುಗಳ ಆಟವಾದ್ದರಿಂದ ಒಂದು ಕಂಬಕ್ಕೆ ಬಡಿದ ಚೆಂಡು, ಒಂದು ತಪ್ಪು ಪೆನಾಲ್ಟಿ ಇಡೀ ಪಂದ್ಯವನ್ನು ತಿರುಗಿಸುತ್ತದೆ. ಕೆಟ್ಟ ಆಟದ ಜೊತೆಗೆ ಕೆಟ್ಟ ಅದೃಷ್ಟವೂ ಸೇರಿದಾಗ ತಂಡ ತಳ ಮುಟ್ಟುತ್ತದೆ, ವಜಾ ಆಗುವುದು ಸರಿಯಾಗಿ ಅದೇ ಹೊತ್ತಿಗೆ. ಅನಂತರ ಅದೃಷ್ಟ ತನ್ನ ಪಾಡಿಗೆ ತಾನು ಸರಾಸರಿಗೆ ಮರಳುತ್ತದೆ, ಶ್ರೇಯಸ್ಸು ಹೊಸಬರ ಖಾತೆಗೆ ಸೇರುತ್ತದೆ. 2018ರ ಡಿಸೆಂಬರಿನಲ್ಲಿ ಹಂಗಾಮಿಯಾಗಿ ಬಂದ ಸೋಲ್‌ಶಾರ್ ಮೊದಲ ಎಂಟು ಪಂದ್ಯಗಳನ್ನೂ ಗೆದ್ದರು. ಆ ಉತ್ಸಾಹದಲ್ಲಿ ಮಾರ್ಚ್ 28ರಂದು ಅವರನ್ನು ಕಾಯಂ ಮಾಡಿದ ಮೇಲೆ ಗೆಲುವು ಅಪರೂಪವಾಯಿತು, ಋತುವಿನ ಕೊನೆಯ ದಿನ ಆಗಲೇ ಕೆಳಗಿನ ಲೀಗಿಗೆ ಇಳಿದುಹೋಗಿದ್ದ ಕಾರ್ಡಿಫ್ ತಂಡ ಓಲ್ಡ್ ಟ್ರ್ಯಾಫರ್ಡ್‌ಗೇ ಬಂದು 2-0 ಗೆದ್ದು ಹೋಯಿತು. ಮೂರು ತಿಂಗಳ ಫಲಿತಾಂಶ ನೋಡಿ ಮೂರು ವರ್ಷದ ಒಪ್ಪಂದ ಬರೆಯುವುದು ಎಂಥ ವ್ಯಾಪಾರವೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಜೊತೆಗೆ ಇನ್ನೊಂದು ಸಂಗತಿ. ಸ್ಟೀಫನ್ ಶಿಮಾನ್ಸ್ಕಿ ಮೊದಲಾದವರು ಇಂಗ್ಲಿಷ್ ಕ್ಲಬ್ಬುಗಳ ಬಗ್ಗೆ ಮಾಡಿದ ಅಧ್ಯಯನಗಳ ಪ್ರಕಾರ, ಹಲವು ವರ್ಷಗಳ ಸರಾಸರಿ ತೆಗೆದುಕೊಂಡರೆ ಲೀಗಿನ ಸ್ಥಾನವನ್ನು ಬಹುಪಾಲು ನಿರ್ಧರಿಸುವುದು ಆಟಗಾರರಿಗೆ ಕೊಡುವ ಸಂಬಳದ ಒಟ್ಟು ಮೊತ್ತ. ಅದರಾಚೆಗೆ ತಂಡವನ್ನು ಎತ್ತಬಲ್ಲ ಮ್ಯಾನೇಜರ್‌ಗಳು ಇದ್ದಾರೆ, ಆದರೆ ಕೆಲವರೇ. ಆ ಕೆಲವರನ್ನು ಗುರುತಿಸುವುದು ಹೇಗೆ ಎಂಬುದೇ ನೇಮಕದ ನಿಜವಾದ ಸಮಸ್ಯೆ.

ಲಿವರ್‌ಪೂಲ್ 2015ರ ಅಕ್ಟೋಬರಿನಲ್ಲಿ ಯುರ್ಗೆನ್ ಕ್ಲಾಪ್ ಅವರನ್ನು ತಂದ ರೀತಿ ನನಗೆ ಇಷ್ಟವಾದ ಉದಾಹರಣೆ. ಹಿಂದಿನ ಋತುವಿನಲ್ಲಿ ಕ್ಲಾಪ್ ಅವರ ಡಾರ್ಟ್‌ಮಂಡ್ ತಂಡ ಫೆಬ್ರವರಿಯಲ್ಲಿ ಪಟ್ಟಿಯ ತಳದಲ್ಲಿತ್ತು, ಕೊನೆಗೆ ಏಳನೆಯದಾಯಿತು. ಪತ್ರಿಕೆ ಓದುವವರಿಗೆ ಅದು ಮುಗಿದುಹೋದ ಮ್ಯಾನೇಜರ್‌ನ ಕಥೆ. ಲಿವರ್‌ಪೂಲ್‌ನ ಅಂಕಿಅಂಶ ವಿಭಾಗದ ಮುಖ್ಯಸ್ಥ ಇಯಾನ್ ಗ್ರಹಾಂ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಗೋಲುಗಳನ್ನು ಬದಿಗಿಟ್ಟು ಆ ತಂಡ ಸೃಷ್ಟಿಸಿದ ಮತ್ತು ಬಿಟ್ಟುಕೊಟ್ಟ ಅವಕಾಶಗಳ ಗುಣಮಟ್ಟವನ್ನು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ಡಾರ್ಟ್‌ಮಂಡ್ ಜರ್ಮನಿಯ ಎರಡನೆಯ ಅತ್ಯುತ್ತಮ ತಂಡವಾಗಿತ್ತು, ಕೊರತೆಯಿದ್ದದ್ದು ಅದೃಷ್ಟಕ್ಕೆ. ಮೊದಲ ಋತುವಿನಲ್ಲಿ ಕ್ಲಾಪ್ ಲಿವರ್‌ಪೂಲ್‌ನಲ್ಲೂ ಎಂಟನೆಯವರಾದರು, ಎರಡು ಫೈನಲ್ ಸೋತರು. ಯಾರೂ ಗಾಬರಿಯಾಗಲಿಲ್ಲ. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಲೀಗ್ ಬಂದವು.

ಬ್ರೆಂಟ್‌ಫರ್ಡ್‌ನಂಥ ಸಣ್ಣ ಕ್ಲಬ್ಬು ಇದೇ ದಾರಿಯಲ್ಲಿ ಇನ್ನೂ ದೂರ ನಡೆದಿದೆ. 2018ರ ಅಕ್ಟೋಬರಿನಲ್ಲಿ ಸಹಾಯಕನ ಸ್ಥಾನದಿಂದ ಮೇಲಕ್ಕೆ ಬಂದ ಥಾಮಸ್ ಫ್ರಾಂಕ್ ತಮ್ಮ ಮೊದಲ ಹತ್ತು ಪಂದ್ಯಗಳಲ್ಲಿ ಎಂಟನ್ನು ಸೋತರು. ಬೇರೆ ಕಡೆಯಾಗಿದ್ದರೆ ಕ್ರಿಸ್ಮಸ್ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ಮಾಲೀಕ ಮ್ಯಾಥ್ಯೂ ಬೆನ್ಹಮ್ ಬೆಟ್ಟಿಂಗ್ ಲೆಕ್ಕಾಚಾರದಿಂದಲೇ ಹಣ ಮಾಡಿದವರು, ಅವಕಾಶಗಳ ಗುಣಮಟ್ಟ ಚೆನ್ನಾಗಿದ್ದರೆ ಫಲಿತಾಂಶ ಹಿಂಬಾಲಿಸುತ್ತದೆಂದು ಬಲ್ಲವರು. 2021ರಲ್ಲಿ ಆ ಕ್ಲಬ್ಬು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಅಗ್ರ ಲೀಗಿಗೆ ಏರಿತು, 2025ರಲ್ಲಿ ಫ್ರಾಂಕ್ ಟಾಟನಮ್‌ಗೆ ಹೋದಾಗ ಫ್ರೀಕಿಕ್, ಕಾರ್ನರ್‌ಗಳ ತರಬೇತಿ ನೋಡಿಕೊಳ್ಳುತ್ತಿದ್ದ ಕೀತ್ ಆಂಡ್ರೂಸ್ ಅವರನ್ನೇ ಮೇಲಕ್ಕೆತ್ತಿತು.

ಚೆಲ್ಸಿಯ ಬಗ್ಗೆ ಶಿರಸಿಯವರು ಹೇಳಿದ್ದರಲ್ಲಿ ಹುರುಳಿದೆ, ಆದರೆ ಅವರು ಮಾತನ್ನು ಮುಗಿಸಿದ ಕಡೆಯೇ ಅದಕ್ಕೆ ಉತ್ತರವೂ ಇದೆ. ಅಲ್ಲಿ ನಿರಂತರತೆ ಇತ್ತು, ಮ್ಯಾನೇಜರ್‌ನ ಕುರ್ಚಿಯಲ್ಲಿ ಅಲ್ಲ, ಆಟಗಾರರಲ್ಲಿ ಮತ್ತು ಒಡೆಯನ ತಿಜೋರಿಯಲ್ಲಿ. 2022ರಲ್ಲಿ ಒಡೆತನ ಬದಲಾದ ಮೇಲೆ ಬಂದವರು ಟುಖೆಲ್ ಅವರನ್ನು ಸೆಪ್ಟೆಂಬರಿನಲ್ಲಿ ತೆಗೆದು, ಬ್ರೈಟನ್ ಕ್ಲಬ್ಬಿಗೆ 2 ಕೋಟಿ ಪೌಂಡಿಗೂ ಹೆಚ್ಚು ಪರಿಹಾರ ಕೊಟ್ಟು ಗ್ರಹಾಂ ಪಾಟರ್ ಅವರನ್ನು ತಂದರು, ಏಪ್ರಿಲಿನಲ್ಲಿ ಅವರನ್ನೂ ತೆಗೆದರು. ಅಷ್ಟರಲ್ಲಿ ಆಟಗಾರರೂ ಹಿಂಡುಹಿಂಡಾಗಿ ಬದಲಾಗಿದ್ದರು, ಆ ಋತುವಿನಲ್ಲಿ ತಂಡ ಹನ್ನೆರಡನೆಯ ಸ್ಥಾನಕ್ಕೆ ಬಿತ್ತು.

ಭರತ ಇಳಿತ (ಕಾರವಾರ) ಉತ್ತರ:

ನಾನು ಹುಡುಗರಿಗೆ ಆಟ ಕಲಿಸುವವನು, ಆದ್ದರಿಂದ ಮೈದಾನದ ಕಡೆಯಿಂದ ಒಂದು ಮಾತು. ಋತುವಿನ ನಡುವೆ ತರಬೇತುದಾರ ಬದಲಾದರೆ ಏನಾಗುತ್ತದೆ ಎಂಬುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಎಡಬದಿಯ ರಕ್ಷಣಾ ಆಟಗಾರನ ಕಾಲುಗಳಲ್ಲಿ ಕಾಣುತ್ತದೆ.

ನಾನು ಸಹಾಯಕನಾಗಿದ್ದ ತಂಡವೊಂದರಲ್ಲಿ ಹೀಗಾಯಿತು. ಹಳೆಯ ತರಬೇತುದಾರರು, ಚೆಂಡು ನಮ್ಮ ಬಲಗಡೆ ಇದ್ದಾಗ ಎಡಬದಿಯವನು ಅರ್ಧಗೆರೆ ದಾಟಿ ಮೇಲೆ ಹೋಗಿರಬೇಕೆಂದು ಕಲಿಸಿದ್ದರು. ಇಳಿತದ ಹೊತ್ತಿನಲ್ಲಿ ಟಾಗೋರ್ ಕಡಲತೀರದ ಗಟ್ಟಿ ಮರಳಿನ ಮೇಲೆ ಕಾಲಿನಿಂದ ಗೆರೆ ಎಳೆದು ಆ ಹುಡುಗನಿಗೆ ಅದನ್ನು ಎಷ್ಟು ಸಲ ಮಾಡಿಸಿದ್ದರೆಂದರೆ ಅವನಿಗೆ ಯೋಚಿಸುವ ಅಗತ್ಯವೇ ಇರಲಿಲ್ಲ. ಹೊಸಬರು ಬಂದು, ಆ ಹೊತ್ತಿನಲ್ಲಿ ನೀನು ಒಳಕ್ಕೆ ಸರಿದು ನಡುವಿನ ರಕ್ಷಕನಾದ ಸ್ಟಾಪರ್‌ನ ಪಕ್ಕ ನಿಲ್ಲಬೇಕು ಎಂದರು. ಅವರ ಮಾತಿನಲ್ಲಿಯೂ ತಪ್ಪಿರಲಿಲ್ಲ. ಆದರೆ ಮುಂದಿನ ಪಂದ್ಯಗಳಲ್ಲಿ ಚೆಂಡು ಬಲಕ್ಕೆ ಹೋದಾಗಲೆಲ್ಲ ಆ ಹುಡುಗ ಎರಡು ಹೆಜ್ಜೆ ಮುಂದಿಟ್ಟು, ನಿಂತು, ಬೆಂಚಿನತ್ತ ನೋಡುತ್ತಿದ್ದ. ಅಂಚಿನಿಂದ ದಾಳಿ ಮಾಡುವ ಎದುರಾಳಿಯ ವಿಂಗರ್‌ಗೆ ಅಷ್ಟು ಹೊತ್ತು ಸಾಕು.

ದೊಡ್ಡ ಕ್ಲಬ್ಬುಗಳ ಆಟಗಾರರು ಇದಕ್ಕಿಂತ ಬೇಗ ಕಲಿಯುತ್ತಾರೆ ಎಂಬುದು ನಿಜ, ಆದರೆ ಅವರ ಎದುರಾಳಿಗಳೂ ಅಷ್ಟೇ ಬೇಗ ಶಿಕ್ಷಿಸುತ್ತಾರೆ. ಟೆನ್ ಹಾಗ್ ಹೋದ ಮೇಲೆ ಯುನೈಟೆಡ್ ತಂದದ್ದು ಸ್ಪೋರ್ಟಿಂಗ್ ಲಿಸ್ಬನ್‌ನ ರೂಬೆನ್ ಅಮೊರಿಮ್ ಅವರನ್ನು. ಹಿಂದೆ ಮೂವರು ರಕ್ಷಕರು, ಎರಡು ಅಂಚಿನಲ್ಲಿ ಇಡೀ ಮೈದಾನದ ಉದ್ದ ಓಡಬಲ್ಲ ಇಬ್ಬರು, ಇದು ಅವರ ಆಟ. ಅದನ್ನು ಅವರು ಬಿಟ್ಟುಕೊಡುವವರಲ್ಲ ಎಂಬುದು ಅವರನ್ನು ಕರೆತರುವ ಮೊದಲೇ ಎಲ್ಲರಿಗೂ ಗೊತ್ತಿತ್ತು. ಯುನೈಟೆಡ್‌ನಲ್ಲಿದ್ದ ಆಟಗಾರರನ್ನು ನಾಲ್ವರು ರಕ್ಷಕರು ಮತ್ತು ವಿಂಗರ್‌ಗಳ ಆಟಕ್ಕೆಂದು ವರ್ಷಗಟ್ಟಲೆ ಕೂಡಿಹಾಕಲಾಗಿತ್ತು. ಸ್ವತಃ ಅಮೊರಿಮ್ ಅವರಿಗೆ ಋತು ಮುಗಿದ ಮೇಲೆ ಬರುವ ಮನಸ್ಸಿತ್ತು, ಕ್ಲಬ್ಬು ನವೆಂಬರಿನಲ್ಲಿಯೇ ಬರಬೇಕೆಂದಿತು. 2024-25ರ ಋತು 42 ಅಂಕಗಳೊಂದಿಗೆ ಹದಿನೈದನೆಯ ಸ್ಥಾನದಲ್ಲಿ ಮುಗಿಯಿತು.

ಇದಕ್ಕಿಂತ ವಿಚಿತ್ರವಾದದ್ದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕಥೆ. ನೂನೊ ಎಸ್ಪಿರಿಟೊ ಸಾಂಟೊ ಅವರ ಕೈಯಲ್ಲಿ ಆ ತಂಡ ಆಳವಾಗಿ ರಕ್ಷಿಸಿ, ಸಿಕ್ಕ ಚೆಂಡಿನೊಂದಿಗೆ ಮಿಂಚಿನಂತೆ ಎದುರುದಾಳಿ ಮಾಡಿ, 2024-25ರಲ್ಲಿ ಏಳನೆಯ ಸ್ಥಾನ ಗಳಿಸಿತ್ತು. 2025ರ ಸೆಪ್ಟೆಂಬರಿನಲ್ಲಿ ಮಾಲೀಕರೊಂದಿಗೆ ಮನಸ್ತಾಪವಾಗಿ ಅವರು ಹೊರಬಿದ್ದರು. ಅವರ ಜಾಗಕ್ಕೆ ತಂದದ್ದು ರಕ್ಷಣಾ ಗೆರೆಯನ್ನು ಮೈದಾನದ ನಡುವಿಗೆ ಎಳೆದು ಆಡಿಸುವ ಆಂಜ್ ಪೋಸ್ಟೆಕೊಗ್ಲು ಅವರನ್ನು. ಎಂಟು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲದೆ, 39 ದಿನಗಳಲ್ಲಿ ಅವರು ವಾಪಸಾದರು. ಆ ಹೆಸರನ್ನು ಮೇಜಿನ ಮೇಲಿಟ್ಟವರು ತಮ್ಮ ತಂಡದ ಒಂದು ಪಂದ್ಯವನ್ನಾದರೂ ಪೂರ್ತಿ ನೋಡಿದ್ದರೇ ಎಂಬ ಅನುಮಾನ ನನಗಿದೆ.

ಬೆಂಬಲ ಎಂದರೆ ಏನೆಂದು ನೋಡಬೇಕಾದರೆ ಆರ್ಸೆನಲ್ ಕಡೆ ನೋಡಬೇಕು. 2021ರ ಆಗಸ್ಟ್‌ನಲ್ಲಿ ಮಿಕೆಲ್ ಆರ್ಟೆಟಾ ಅವರ ತಂಡ ಮೊದಲ ಮೂರೂ ಪಂದ್ಯಗಳನ್ನು ಒಂದೂ ಗೋಲಿಲ್ಲದೆ ಸೋತು ಪಟ್ಟಿಯ ತಳದಲ್ಲಿ ಕೂತಿತ್ತು. ‘ಮ್ಯಾನೇಜರ್ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ’ ಎಂಬ ಹೇಳಿಕೆ ಕೊಡುವುದು ಸುಲಭ, ವಜಾಕ್ಕೆ ಒಂದು ವಾರ ಮೊದಲು ಎಲ್ಲರೂ ಕೊಡುತ್ತಾರೆ. ಆರ್ಸೆನಲ್ ಮಾಡಿದ್ದು ಬೇರೆ. ಆ ಡಿಸೆಂಬರಿನಲ್ಲಿ ಶಿಸ್ತಿನ ಕಾರಣಕ್ಕೆ ಆರ್ಟೆಟಾ ನಾಯಕ ಒಬಮೆಯಾಂಗ್ ಅವರ ನಾಯಕತ್ವ ಕಿತ್ತುಕೊಂಡಾಗ, ತಂಡದಲ್ಲಿ ಅತಿ ಹೆಚ್ಚು ಸಂಬಳ ಪಡೆಯುತ್ತಿದ್ದ ಆಟಗಾರನ ಎದುರು ಮ್ಯಾನೇಜರ್‌ನ ಪಕ್ಷ ವಹಿಸಿ, ಎರಡು ತಿಂಗಳೊಳಗೆ ಆ ಆಟಗಾರನ ಒಪ್ಪಂದವನ್ನೇ ರದ್ದುಗೊಳಿಸಿತು. ಅಂದಿನಿಂದ ಡ್ರೆಸ್ಸಿಂಗ್ ರೂಮಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬ ಸಂಶಯ ಯಾರಿಗೂ ಉಳಿಯಲಿಲ್ಲ.

ಅಂಕೋಲೆಯಿಂದ ಮಡಗಾಂವಿಗೆ ಉತ್ತರ:

ಇಷ್ಟೆಲ್ಲ ಇಂಗ್ಲೆಂಡಿನ ಮಾತಾಯಿತು, ನಮ್ಮ ಪಕ್ಕದ ಫಾತೋರ್ಡಾ ಮೈದಾನದ ಕಥೆಯನ್ನು ಯಾರೂ ಎತ್ತದಿರುವುದು ಆಶ್ಚರ್ಯ. ಎಫ್‌ಸಿ ಗೋವಾ 2017ರಲ್ಲಿ ಸೆರ್ಜಿಯೊ ಲೊಬೆರಾ ಅವರನ್ನು ತಂದಿತು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಆಡುವ ಅವರ ಶೈಲಿಗೆ ಗೋವೆಯ ಜನ ಮಾರುಹೋದರು. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಎದುರು ಹೆಚ್ಚುವರಿ ಸಮಯದಲ್ಲಿ ಸೋತರೂ ಆ ವರ್ಷ ಸೂಪರ್ ಕಪ್ ಗೆದ್ದರು. 2020ರ ಜನವರಿ 31ರಂದು, ತಂಡ ಪಟ್ಟಿಯ ತುದಿಯಲ್ಲಿದ್ದಾಗ, ಲೀಗ್ ಹಂತದ ಕೆಲವೇ ಪಂದ್ಯಗಳು ಉಳಿದಿದ್ದಾಗ, ಕ್ಲಬ್ಬು ಅವರನ್ನು ಕಳುಹಿಸಿತು.

ಉಳಿದ ಪಂದ್ಯಗಳನ್ನು ಗೋವೆಯವರೇ ಆದ ಕ್ಲಿಫರ್ಡ್ ಮಿರಾಂಡಾ ನೋಡಿಕೊಂಡರು. ತಂಡ ಲೀಗ್ ಹಂತದ ಶೀಲ್ಡ್ ಗೆದ್ದು, ಎಎಫ್‌ಸಿ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಅರ್ಹತೆ ಪಡೆದ ಮೊದಲ ಭಾರತೀಯ ಕ್ಲಬ್ಬಾಯಿತು. ಶಿರಸಿಯವರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ ಎನ್ನಬಹುದು. ಆದರೆ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಚೆನ್ನೈಯಿನ್ ಎದುರು 4-1 ಸೋತು, ಎರಡನೆಯದರಲ್ಲಿ 4-2 ಗೆದ್ದೂ ಒಟ್ಟು ಗೋಲುಗಳ ಲೆಕ್ಕದಲ್ಲಿ ಹೊರಬಿದ್ದರು. ಲೊಬೆರಾ ಮುಂಬೈ ಸಿಟಿಗೆ ಹೋಗಿ ಮರುವರ್ಷವೇ ಶೀಲ್ಡ್ ಮತ್ತು ಐಎಸ್‌ಎಲ್ ಟ್ರೋಫಿ ಎರಡನ್ನೂ ಗೆದ್ದರು, ಸೆಮಿಫೈನಲ್‌ನಲ್ಲಿ ಅವರಿಗೆ ಎದುರಾದ ತಂಡ ಗೋವಾ. ಒಂದು ಕ್ಲಬ್ಬು ಮ್ಯಾನೇಜರ್‌ನನ್ನು ಕಳುಹಿಸಿದರೆ ಅವನು ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಎಲ್ಲವನ್ನೂ ಬಲ್ಲವನಾಗಿ ಎದುರು ಬೆಂಚಿನಲ್ಲಿ ಬಂದು ಕೂರುತ್ತಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವ ಆಡಳಿತಗಳು ಕಡಿಮೆ.

ಕಾಳಿದಂಡೆ (ಕಾರವಾರ):

ಎಲ್ಲರ ಉತ್ತರಗಳಿಂದ ಬಹಳ ತಿಳಿಯಿತು. ಉಳಿದದ್ದು ಒಂದೇ ಪ್ರಶ್ನೆ. ತಪ್ಪು ನೇಮಕ ಮಾಡಿದವರಿಗೆ ಏನಾಗುತ್ತದೆ? ಮ್ಯಾನೇಜರ್ ವಜಾ ಆಗುವುದನ್ನು ಕಾಣುತ್ತೇವೆ, ಅವರನ್ನು ಆರಿಸಿದವರು ವಜಾ ಆದದ್ದನ್ನು ನಾನು ಕಂಡ ನೆನಪಿಲ್ಲ.

ಸದಾಶಿವಗಡದ ಸ್ಟಾಪರ್ ಉತ್ತರ:

ಒಮ್ಮೊಮ್ಮೆ ಆಗುತ್ತಾರೆ, ಮತ್ತು ನಿಮ್ಮ ಮೊದಲ ಪ್ರಶ್ನೆಯ ಕ್ಲಬ್ಬಿನಲ್ಲಿಯೇ ಅದಕ್ಕೆ ಉದಾಹರಣೆಯಿದೆ. ಮ್ಯಾನೇಜರ್ ಬದಲಾದರೂ ಕ್ಲಬ್ಬಿನ ಆಟ ಬದಲಾಗಬಾರದು, ಆಟಗಾರರ ಖರೀದಿ ಒಬ್ಬರ ಅಭಿರುಚಿಯನ್ನು ನೆಚ್ಚಿರಬಾರದು ಎಂದು ಈಗ ಬಹುತೇಕ ದೊಡ್ಡ ಕ್ಲಬ್ಬುಗಳು ಸ್ಪೋರ್ಟಿಂಗ್ ಡೈರೆಕ್ಟರ್ ಎಂಬ ಹುದ್ದೆಯನ್ನು ಇಟ್ಟುಕೊಂಡಿವೆ. ಲಿವರ್‌ಪೂಲ್‌ನಲ್ಲಿ ಕ್ಲಾಪ್ ಹೋದ ಮೇಲೆ 2024ರಲ್ಲಿ ಆರ್ನೆ ಸ್ಲಾಟ್ ಬಂದು, ಆ ಬೇಸಿಗೆಯಲ್ಲಿ ಹೊಸ ಆಟಗಾರರನ್ನು ಹೆಚ್ಚೇನೂ ಕೊಳ್ಳದೆ, ಮೊದಲ ಋತುವಿನಲ್ಲಿಯೇ ಲೀಗ್ ಗೆದ್ದದ್ದು ಅಂಥ ವ್ಯವಸ್ಥೆಯ ಫಲ. ಕೈಯಲ್ಲಿರುವ ಆಟಗಾರರಿಗೆ ಹೊಂದುವ ಮ್ಯಾನೇಜರ್ ಯಾರೆಂದು ಹುಡುಕಿದರೇ ಹೊರತು, ಹೆಸರುವಾಸಿ ಮ್ಯಾನೇಜರ್‌ನನ್ನು ತಂದು ಅವನಿಗೆ ಹೊಂದುವ ಆಟಗಾರರನ್ನು ಅನಂತರ ಹುಡುಕಲಿಲ್ಲ.

ಯುನೈಟೆಡ್ ಕೂಡ ಆ ಹುದ್ದೆಗೆ ಡ್ಯಾನ್ ಆಶ್‌ವರ್ತ್ ಅವರನ್ನು ಬಯಸಿತು. ನ್ಯೂಕ್ಯಾಸಲ್ ಕ್ಲಬ್ಬು ಅವರನ್ನು ತಿಂಗಳುಗಟ್ಟಲೆ ರಜೆಯ ಮೇಲೆ ಕೂರಿಸಿ, ಪರಿಹಾರ ಇತ್ಯರ್ಥವಾದ ಮೇಲೆ ಬಿಟ್ಟುಕೊಟ್ಟಿತು. 2024ರ ಜುಲೈ 1ಕ್ಕೆ ಅವರು ಕೆಲಸಕ್ಕೆ ಸೇರಿದಾಗ ಟೆನ್ ಹಾಗ್ ಅವರನ್ನು ಉಳಿಸಿಕೊಳ್ಳುವ ತೀರ್ಮಾನ ಆಗಲೇ ಆಗಿಹೋಗಿತ್ತು. ಡಿಸೆಂಬರಿನಲ್ಲಿ, ಅಮೊರಿಮ್ ಬಂದು ತಿಂಗಳು ತುಂಬುವುದರೊಳಗೆ, ಆಶ್‌ವರ್ತ್ ಕ್ಲಬ್ಬು ಬಿಟ್ಟರು. ಟೆನ್ ಹಾಗ್, ಅವರ ಸಹಾಯಕರು ಮತ್ತು ಆಶ್‌ವರ್ತ್ ಇವರೆಲ್ಲರ ನಿರ್ಗಮನಕ್ಕೆ ಯುನೈಟೆಡ್‌ನ ಲೆಕ್ಕಪತ್ರದಲ್ಲಿ ಬರೆದ ಒಟ್ಟು ಖರ್ಚು 1.45 ಕೋಟಿ ಪೌಂಡ್. ಅದೇ ವರ್ಷ ಕ್ಲಬ್ಬು ವೆಚ್ಚ ಕಡಿತವೆಂದು ಕಚೇರಿಯ ಸುಮಾರು 250 ನೌಕರರ ಹುದ್ದೆಗಳನ್ನು ರದ್ದು ಮಾಡಿತ್ತು. ಮಾಲೀಕರ ಹುದ್ದೆಗೆ ಮಾತ್ರ ಒಪ್ಪಂದದ ಅವಧಿ ಇಲ್ಲ.